ಬಿದಿರಿನ ಬಟ್ಟೆ, ಆರ್ಗ್ಯಾನಿಕ್ ಕಾಟನ್, ಬಾಟಲಿ ಪಾಲಿಯೆಸ್ಟರ್: ಮಕ್ಕಳ ಬಟ್ಟೆಗೆ ಯಾವುದು? ಲೇಬಲ್ ಮೇಲೆ ಏನಂತ ಬರೆಯೋದು?

ಮದ್ದೂರು_ಹೊಲಿಗೆಮನೆ:
ಎಲ್ಲರಿಗೂ ನಮಸ್ಕಾರ. ಮದ್ದೂರಿನ ಹತ್ತಿರ ನಾವು ಕೆಲವು ಹೆಂಗಸರು ಸೇರಿ ಹೊಲಿಗೆ ಯೂನಿಟ್ ನಡೆಸುತ್ತಿದ್ದೇವೆ. ಇಲ್ಲಿಯವರೆಗೆ ಬ್ಲೌಸ್, ಸ್ಕೂಲ್ ಯೂನಿಫಾರ್ಮ್ ಅಷ್ಟೇ. ಈಗ ಮೈಸೂರಿನ ಒಂದು ಅಂಗಡಿಯವರು ಚಿಕ್ಕ ಮಕ್ಕಳ ಫ್ರಾಕು, ಜುಬ್ಬ, ಚಡ್ಡಿ ಕೇಳಿದ್ದಾರೆ. ಬಟ್ಟೆ ಪರಿಸರ ಸ್ನೇಹಿ ಆಗಿರಬೇಕಂತೆ, ಲೇಬಲ್ ಮೇಲೂ ಹಾಗೇ ಬರೆದಿರಬೇಕಂತೆ.

ಬಟ್ಟೆ ಏಜೆಂಟ್ ಮೂರು ಸ್ಯಾಂಪಲ್ ಕೊಟ್ಟು ಹೋಗಿದ್ದಾನೆ. ಒಂದು ಬಿದಿರಿನ ಬಟ್ಟೆ. ಕೈಗೆ ತಣ್ಣಗೆ, ತುಂಬಾ ಮೆತ್ತಗಿದೆ. ಇನ್ನೊಂದು ಆರ್ಗ್ಯಾನಿಕ್ ಕಾಟನ್. ಮೂರನೆಯದು ನೀರಿನ ಬಾಟಲಿ ಕರಗಿಸಿ ಮಾಡಿದ ಪಾಲಿಯೆಸ್ಟರ್. ಬಿದಿರಿಗೆ ಔಷಧಿ ಹೊಡೆಯಲ್ಲ, ನೀರು ಹಾಯಿಸಲ್ಲ, ಬಟ್ಟೆಗೆ ಬ್ಯಾಕ್ಟೀರಿಯಾನೂ ಬರಲ್ಲ, ಅದನ್ನೇ ತಗೊಳ್ಳಿ ಅನ್ನುತ್ತಾನೆ. ಮೂರರಲ್ಲಿ ಯಾವುದು ಸರಿ? ತಿಳಿದವರು ಹೇಳಿ. ಸುಳ್ಳು ಲೇಬಲ್ ಹಾಕಿ ಆಮೇಲೆ ಅಂಗಡಿಯವರ ಹತ್ತಿರ ಬೈಸಿಕೊಳ್ಳೋಕೆ ಇಷ್ಟ ಇಲ್ಲ.

ಕುವೆಂಪುನಗರ_ಕಾಫಿ:
ಬಿದಿರು ಕಣ್ಣು ಮುಚ್ಚಿ ತಗೊಳ್ಳಿ. ನನ್ನ ಬಿದಿರಿನ ಸಾಕ್ಸ್ ಸೂಪರ್, ವಾಸನೆನೇ ಇಲ್ಲ.

ನೂಲೆಳೆ:
ಕಣ್ಣು ಬಿಟ್ಟುಕೊಂಡೇ ತಗೊಳ್ಳಿ ಮೇಡಂ. ನಾನು ಬಟ್ಟೆ ಟೆಸ್ಟಿಂಗ್ ಲ್ಯಾಬ್‌ನಲ್ಲಿ ಕೆಲಸ ಮಾಡಿದವನು.

ಮಾರ್ಕೆಟ್‌ನಲ್ಲಿ ಬಿದಿರಿನ ಬಟ್ಟೆ ಅಂತ ಬರುವುದು ಹೆಚ್ಚುಕಮ್ಮಿ ಎಲ್ಲಾ ವಿಸ್ಕೋಸ್, ಅಂದರೆ ರೇಯಾನ್. ಬಿದಿರನ್ನು ಮೊದಲು ತಿರುಳು ಮಾಡುತ್ತಾರೆ. ಆ ತಿರುಳನ್ನು ಕಾಸ್ಟಿಕ್ ಸೋಡಾದಲ್ಲಿ ನೆನೆಸಿ, ಕಾರ್ಬನ್ ಡೈಸಲ್ಫೈಡ್ ಸೇರಿಸಿ ಅಂಟು ದ್ರಾವಣ ಮಾಡುತ್ತಾರೆ. ಅದನ್ನು ಸಣ್ಣ ಸಣ್ಣ ತೂತುಗಳಿಂದ ಆಸಿಡ್ ತೊಟ್ಟಿಯೊಳಗೆ ಒತ್ತಿದರೆ ಎಳೆ ಬರುತ್ತದೆ. ಅಷ್ಟಾದ ಮೇಲೆ ಅದರಲ್ಲಿ ಬಿದಿರಿನ ಗುಣ ಹುಡುಕುವುದು ಸಕ್ಕರೆಯಲ್ಲಿ ಕಬ್ಬಿನ ಸಿಪ್ಪೆ ಹುಡುಕಿದ ಹಾಗೆ. ಮಂಡ್ಯದವರಿಗೆ ಇದಕ್ಕಿಂತ ಬಿಡಿಸಿ ಹೇಳಬೇಕಿಲ್ಲ. ಬ್ಯಾಕ್ಟೀರಿಯಾ ಬರಲ್ಲ ಅನ್ನುವುದೂ ಅಷ್ಟೇ, ಆ ಗುಣ ಎಳೆಯಲ್ಲಿ ಉಳಿಯುವುದಿಲ್ಲ.

ಕಾರ್ಬನ್ ಡೈಸಲ್ಫೈಡ್ ಫ್ಯಾಕ್ಟರಿ ಕೆಲಸಗಾರರ ನರಗಳಿಗೆ ಹಾನಿ ಮಾಡುತ್ತದೆ. ಬಿದಿರಿಗೆ ಔಷಧಿ ಹೊಡೆಯದೇ ಇರಬಹುದು, ಆಮೇಲೆ ಫ್ಯಾಕ್ಟರಿಯಲ್ಲಿ ಏನಾಯಿತು ಅಂತ ಏಜೆಂಟ್ ಹೇಳಲ್ಲ. ಗಿಡ ಯಾವುದು ಅಂತ ಕೇಳಬೇಡಿ, ಎಳೆ ಹೇಗೆ ಮಾಡಿದರು ಅಂತ ಕೇಳಿ.

ಕುವೆಂಪುನಗರ_ಕಾಫಿ:
ಸರ್, ಹಾಗಾದರೆ ಕಾಟನ್‌ಗೆ ಕೆಮಿಕಲ್ ಇಲ್ವಾ? ಎಲ್ಲದರಲ್ಲೂ ತಪ್ಪು ಹುಡುಕಿದರೆ ಬಟ್ಟೆ ಹಾಕದೇ ಓಡಾಡಬೇಕಾಗುತ್ತೆ.

ನೂಲೆಳೆ:
ಓಡಾಡಿ, ಬೇಡ ಅಂದವರು ಯಾರು 😄

ವಿಸ್ಕೋಸ್ ಕೆಟ್ಟದ್ದು ಅಂತ ನಾನು ಹೇಳಿಲ್ಲ. ಕೆಮಿಕಲ್ ಹಿಡಿದು ಮತ್ತೆ ಬಳಸುವ ಫ್ಯಾಕ್ಟರಿಯೂ ಇದೆ, ನದಿಗೆ ಬಿಡುವ ಫ್ಯಾಕ್ಟರಿಯೂ ಇದೆ. ತಿರುಳಿನದೇ ಬೇಕು ಅಂದರೆ ಲಯೋಸೆಲ್ ಕೇಳಿ. ಅದಕ್ಕೆ ಬೇರೆ ದ್ರಾವಕ ಬಳಸುತ್ತಾರೆ, ಅದರಲ್ಲಿ ಶೇ 99ಕ್ಕಿಂತ ಜಾಸ್ತಿ ಮತ್ತೆ ಹಿಡಿದು ಬಳಸಬಹುದು. ರೇಟು ಜಾಸ್ತಿ. ಆದರೆ ರೇಯಾನನ್ನು ಬರೀ ಬಿದಿರು ಅಂತ ಮಾರುವುದು ಮೋಸ. ಅಮೆರಿಕದಲ್ಲಿ 2022ರಲ್ಲಿ ವಾಲ್‌ಮಾರ್ಟ್ ಮತ್ತು ಕೋಲ್ಸ್ ಇದೇ ಕಾರಣಕ್ಕೆ ಎರಡೂ ಸೇರಿ 55 ಲಕ್ಷ ಡಾಲರ್ ದಂಡ ಕಟ್ಟಿದವು.

ಹುಣಸೂರು_ಹೈದ:
ಇಷ್ಟೆಲ್ಲಾ ಯಾಕೆ, ಒಂದು ಎಳೆ ಕಿತ್ತು ಬೆಂಕಿ ಹಚ್ಚಿ ಅಕ್ಕ. ಕಾಗದದ ವಾಸನೆ ಬಂದು ಬೂದಿ ಆದರೆ ಅಸಲಿ. ಕರಗಿ ಗುಂಡಿ ಕಟ್ಟಿದರೆ ಪ್ಲಾಸ್ಟಿಕ್. ಕೂದಲು ಸುಟ್ಟ ವಾಸನೆ ಬಂದರೆ ರೇಷ್ಮೆ.

ನೂಲೆಳೆ:
ಪಾಲಿಯೆಸ್ಟರ್ ಹಿಡಿಯೋಕೆ ಸರಿ ಗುರು. ಕಾಟನ್, ಖಾದಿ, ವಿಸ್ಕೋಸ್, ಬಿದಿರು ಎಲ್ಲವೂ ಕಾಗದದ ಹಾಗೇ ಉರಿಯುತ್ತವೆ. ಎಲ್ಲಾ ಸೆಲ್ಯುಲೋಸ್, ಅಂದರೆ ಗಿಡದ ನಾರಿನ ಅಂಶ ತಾನೇ. ಆರ್ಗ್ಯಾನಿಕ್ಕಾ ಅಲ್ಲವಾ ಅಂತ ಬೆಂಕಿ ಹೇಳಲ್ಲ.

ಹುಣಸೂರು_ಹೈದ:
ಸರಿ ಬಿಡಿ, ಬೆಂಕಿ ಆರಿಸಿದೆ.

ಕೋಟೆ_ಹತ್ತಿಹೊಲ:
ಎಚ್.ಡಿ. ಕೋಟೆ ಕಡೆ ಹತ್ತಿ ಬೆಳೆಯುವವನು ನಾನು. ಆರ್ಗ್ಯಾನಿಕ್ ಕಾಟನ್ ಬಗ್ಗೆ ಎರಡು ಮಾತು.

ನಮ್ಮ ದೇಶದಲ್ಲಿ 2002ರಲ್ಲಿ ಬಿಟಿ ಹತ್ತಿಗೆ, ಅಂದರೆ ಕುಲಾಂತರಿ ಹತ್ತಿಗೆ ಒಪ್ಪಿಗೆ ಸಿಕ್ಕಿತು. ಇವತ್ತು ಹತ್ತಿ ಹೊಲದಲ್ಲಿ ಶೇ 90ಕ್ಕಿಂತ ಜಾಸ್ತಿ ಬಿಟಿನೇ. ಆರ್ಗ್ಯಾನಿಕ್‌ಗೆ ಬಿಟಿ ಬೀಜ ಹಾಕುವ ಹಾಗಿಲ್ಲ. ಬಿಟಿ ಅಲ್ಲದ ಒಳ್ಳೆ ಬೀಜ ಬೇಕು ಅಂದರೆ ಅಂಗಡಿಯವನು ನಮ್ಮ ಮುಖ ನೋಡುತ್ತಾನೆ. ಬೀಜ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ. ಹೊಲಕ್ಕೆ ಸರ್ಟಿಫಿಕೇಟ್ ಸಿಗುವ ಮುಂಚೆ ಎರಡು ಮೂರು ವರ್ಷ ರಾಸಾಯನಿಕ ಗೊಬ್ಬರ, ಔಷಧಿ ನಿಲ್ಲಿಸಿರಬೇಕು. ಆ ವರ್ಷಗಳಲ್ಲಿ ಇಳುವರಿ ಬೀಳುತ್ತದೆ, ರೇಟು ಮಾತ್ರ ಮಾಮೂಲಿ ಹತ್ತಿಯದೇ. ಆ ನಷ್ಟ ಯಾರು ತುಂಬುತ್ತಾರೆ? ಕೊನೆಗೆ ಬೀಜ ಬಿಡಿಸುವ ಜಿನ್ನಿಂಗ್ ಮಿಲ್‌ನಲ್ಲಿ ಎಲ್ಲಾ ಒಂದೇ ರಾಶಿಗೆ ಸುರಿದರೆ ಮುಗಿಯಿತು.

ಆರ್ಗ್ಯಾನಿಕ್ ಬಟ್ಟೆಗೆ ಜಿಒಟಿಎಸ್ ಅಂತ ಒಂದು ಅಂತರರಾಷ್ಟ್ರೀಯ ಸರ್ಟಿಫಿಕೇಟ್ ಇದೆ. 2020ರಲ್ಲಿ ಅವರೇ ನಮ್ಮ ದೇಶದಲ್ಲಿ 20,000 ಟನ್ ಹತ್ತಿಯ ನಕಲಿ ಸರ್ಟಿಫಿಕೇಟ್ ಹಿಡಿದು 11 ಕಂಪನಿಗಳನ್ನು ಹೊರಗೆ ಹಾಕಿದರು. ಅಷ್ಟು ಹತ್ತಿ ಆರ್ಗ್ಯಾನಿಕ್ ಅಂತ ಹೆಸರು ಹೊತ್ತಿತ್ತು, ಹೊಲದಲ್ಲಿ ಇರಲಿಲ್ಲ. ನಿಮ್ಮ ಏಜೆಂಟ್‌ಗೆ ಈ ಲಾಟಿನ ಟ್ರಾನ್ಸಾಕ್ಷನ್ ಸರ್ಟಿಫಿಕೇಟ್ ತೋರಿಸು ಅನ್ನಿ. ಕಂಪನಿ ಸರ್ಟಿಫಿಕೇಟ್ ಅಲ್ಲ, ಲಾಟಿನದು.

ಸರಸ್ವತಿಪುರಂ_ಓದುಗ:
ಏನೇ ಆದರೂ ಕಾಟನ್ ನೀರು ಕುಡಿಯುವ ಬೆಳೆ ಅಲ್ವಾ? ಒಂದು ಟೀ ಶರ್ಟಿಗೆ 2,700 ಲೀಟರ್ ನೀರು ಅಂತ ಎಲ್ಲಾ ಕಡೆ ಬರೆದಿರುತ್ತಾರೆ. ಕಾವೇರಿ ನೀರಿಗೆ ಬೀದಿಗಿಳಿಯುವ ನಾವು ಕಾಟನ್ ಹಾಕಿಕೊಂಡೇ ಇಳಿಯುತ್ತೇವೆ.

ಕೋಟೆ_ಹತ್ತಿಹೊಲ:
ಅದು ಲೋಕದ ಸರಾಸರಿ ಸ್ವಾಮಿ. ನಮ್ಮ ಹೊಲದ ಹತ್ತಿ ಮಳೆ ನೀರಲ್ಲೇ ಬರುವುದು. ಆ 2,700ರಲ್ಲಿ ಮಳೆ ನೀರನ್ನೂ ಲೆಕ್ಕ ಹಿಡಿದಿರುತ್ತಾರೆ. ಬಿದ್ದ ಮಳೆಗೂ ನಾಲೆ ನೀರಿಗೂ ವ್ಯತ್ಯಾಸ ಇಲ್ವಾ? ಭತ್ತ, ಕಬ್ಬು ಹಾಕುವವರನ್ನು ಮೊದಲು ಕೇಳಿ.

ಕೆರೆಯಂಗಳ:
ಕಬ್ಬಿನ ಸುದ್ದಿಗೆ ಬರಬೇಡ ಕಣಣ್ಣ. ಬೇರೆ ಥ್ರೆಡ್ ಹಾಕು, ಅಲ್ಲಿ ಜಗಳ ಆಡೋಣ.

ನಂಜನಗೂಡು_ನೋಟ:
ಯಾರೂ ಖಾದಿ ಅಂತ ಹೇಳಲೇ ಇಲ್ಲವಲ್ಲ? ನಮ್ಮ ತಾಲ್ಲೂಕಲ್ಲೇ ಬದನವಾಳು ಇದೆ. ಖಾದಿ ಕೇಂದ್ರ ನೋಡೋಕೆ ಗಾಂಧೀಜಿ 1927ರಲ್ಲಿ ಬಂದ ಊರು. ರಂಗಕರ್ಮಿ ಪ್ರಸನ್ನ ಅವರು 2015ರಲ್ಲಿ ಅಲ್ಲೇ ಕುಳಿತು ಸತ್ಯಾಗ್ರಹ ಮಾಡಿದರು. ಮಂಡ್ಯ ಜಿಲ್ಲೆಯವರಿಗೆ ಮೇಲುಕೋಟೆ ಇನ್ನೂ ಹತ್ತಿರ. ಸುರೇಂದ್ರ ಕೌಲಗಿ ಅವರು 1960ರಲ್ಲಿ ಕಟ್ಟಿದ ಜನಪದ ಸೇವಾ ಟ್ರಸ್ಟ್ ಅಲ್ಲಿ ಖಾದಿ, ಕೈಮಗ್ಗದ ಕೆಲಸ ಮಾಡಿಕೊಂಡು ಬಂದಿದೆ. ಸೂರತ್ತಿನಿಂದ ಬಟ್ಟೆ ತರಿಸಿ ಮದ್ದೂರಲ್ಲಿ ಹೊಲಿದು ಪರಿಸರ ಅನ್ನುವುದಕ್ಕಿಂತ ಒಂದು ಬಸ್ಸು ಹತ್ತಿ ಅಲ್ಲಿಗೆ ಹೋಗಿಬನ್ನಿ ಅಕ್ಕ.

ಕುವೆಂಪುನಗರ_ಕಾಫಿ:
ಖಾದಿ ರೇಟು ನೋಡಿದ್ದೀರಾ? ಮಗು ಆರು ತಿಂಗಳಿಗೆ ಬೆಳೆದು ಬಿಡುತ್ತೆ. ಯಾರು ಕೊಡುತ್ತಾರೆ ಅಷ್ಟು?

ನಂಜನಗೂಡು_ನೋಟ:
ಸಾಕ್ಸಿಗೆ ಕೊಟ್ಟಿರಲ್ಲ ಸಾರ್.

ನೂಲೆಳೆ:
ಖಾದಿ ಅಂಗಡಿಯಲ್ಲೂ ಬೋರ್ಡು ಓದಿ. ಪಾಲಿವಸ್ತ್ರ ಅಂತ ಒಂದಿದೆ. ಕೈಯಲ್ಲೇ ನೂತಿರುತ್ತಾರೆ, ಆದರೆ ಮೂರನೇ ಎರಡು ಭಾಗ ಪಾಲಿಯೆಸ್ಟರ್. ಕೈಮಗ್ಗ ಅಂದಾಕ್ಷಣ ಗಿಡದ ಬಣ್ಣ ಅಂತಲೂ ಅಲ್ಲ. ಸುಮಾರು ಕೈಮಗ್ಗದ ಬಟ್ಟೆಗೆ ಕೆಮಿಕಲ್ ಬಣ್ಣನೇ ಹಾಕುವುದು. ಅದು ತಪ್ಪು ಅಂತಲ್ಲ. ಬಣ್ಣ ಹಾಕಿದ ನೀರು ಎಲ್ಲಿಗೆ ಹೋಯಿತು ಅನ್ನುವುದೇ ದೊಡ್ಡ ಪ್ರಶ್ನೆ. ತಿರುಪ್ಪೂರಿನ ನೊಯ್ಯಲ್ ನದಿ ಹಾಳಾಗಿದ್ದು ಬಣ್ಣದ ಘಟಕಗಳಿಂದ. 2011ರಲ್ಲಿ ಮದ್ರಾಸ್ ಹೈಕೋರ್ಟ್ ಆ ಘಟಕಗಳನ್ನೆಲ್ಲಾ ಮುಚ್ಚಿಸಬೇಕಾಯಿತು. ಈಗ ನೀರನ್ನು ಪೂರ್ತಿ ಶುದ್ಧ ಮಾಡಿ ಮತ್ತೆ ಬಳಸಲೇಬೇಕು ಅಂತ ನಿಯಮ. ನಿಮಗೆ ನಿಟ್ ಬಟ್ಟೆ ಬರುವುದು ಬಹುಶಃ ಅಲ್ಲಿಂದಲೇ.

ಕೆರೆಯಂಗಳ:
ಬಾವುಟನೇ ಖಾದಿಯದ್ದು ಇರಬೇಕಿತ್ತು. 2021ರ ಕೊನೆಗೆ ಧ್ವಜ ಸಂಹಿತೆ ತಿದ್ದಿ ಪಾಲಿಯೆಸ್ಟರ್ ಬಾವುಟಕ್ಕೂ ಒಪ್ಪಿಗೆ ಕೊಟ್ಟರು. ಇನ್ನು ಮಕ್ಕಳ ಚಡ್ಡಿ ಯಾವ ಲೆಕ್ಕ.

ಸರಸ್ವತಿಪುರಂ_ಓದುಗ:
ಬಾವುಟದ ಚರ್ಚೆ ಇಲ್ಲಿ ಬೇಡ ದಯವಿಟ್ಟು, ಥ್ರೆಡ್ ಲಾಕ್ ಆಗುತ್ತೆ.

ಅಳಲೆಕಾಯಿ:
ಬಣ್ಣದ ಮಾತು ಬಂತಲ್ಲ, ಸೇರಿಕೊಳ್ಳುತ್ತೇನೆ. ಮನೆಯಲ್ಲೇ ಗಿಡದ ಬಣ್ಣ ಹಾಕುತ್ತೇನೆ. ಅಕ್ಕ, ಯಾರಾದರೂ ಅರಿಶಿನದಲ್ಲಿ ಅದ್ದಿದ ಜುಬ್ಬ ತೋರಿಸಿ ನ್ಯಾಚುರಲ್ ಅಂದರೆ ಬೇಡ ಅನ್ನಿ. ಅಂಗಡಿಯಲ್ಲಿ ಚಿನ್ನದ ಬಣ್ಣ ಇರುತ್ತದೆ. ಸೋಪು ಹಚ್ಚಿದ ಕಡೆ ಕುಂಕುಮದ ಕೆಂಪಾಗುತ್ತದೆ, ಬಿಸಿಲಿಗೆ ಹಾಕಿದರೆ ಮಾಸಿ ಹೋಗುತ್ತದೆ. ಬೀಟ್‌ರೂಟ್ ಅಂತೂ ಒಂದು ಒಗೆತಕ್ಕೂ ನಿಲ್ಲಲ್ಲ.

ನಿಲ್ಲುವ ಬಣ್ಣ ಬೇರೆ: ನೀಲಿ, ಮಂಜಿಷ್ಠ, ದಾಳಿಂಬೆ ಸಿಪ್ಪೆ, ಅಡಿಕೆ ಚೊಗರು. ಕಾಟನ್‌ಗೆ ಬಣ್ಣ ಸುಮ್ನೆ ಹತ್ತುವುದಿಲ್ಲ. ಮೊದಲು ಬಟ್ಟೆಯ ಗಂಜಿ, ಎಣ್ಣೆ ಅಂಶ ಹೋಗುವ ಹಾಗೆ ಕುದಿಸಬೇಕು. ಆಮೇಲೆ ಅಳಲೆಕಾಯಿ ಪುಡಿಯ ನೀರಲ್ಲಿ ನೆನೆಸಿ, ಹಿಂಡಿ, ಒಣಗಿಸಿ, ಪಟಿಕದ ನೀರಿಗೆ ಹಾಕಬೇಕು. ಬಣ್ಣ ಅದಾದ ಮೇಲೆ. ಕಪ್ಪು ಬೇಕಾದರೆ ತುಕ್ಕು ಹಿಡಿದ ಕಬ್ಬಿಣದ ಚೂರು, ಬೆಲ್ಲ, ನೀರು ಸೇರಿಸಿ ಮಡಕೆಯಲ್ಲಿ ಕೊಳೆಯಲು ಬಿಡುತ್ತೇವೆ. ಮೇಲೆ ನೊರೆ ಕಟ್ಟಿ ಹುಳಿ ವಾಸನೆ ಬರುತ್ತದೆ, ಅಕ್ಕಪಕ್ಕದವರು ಬೈಯುತ್ತಾರೆ. ಅಳಲೆಕಾಯಿ ಹಿಡಿಸಿದ ಹಳದಿ ಬಟ್ಟೆಯನ್ನು ಅದರಲ್ಲಿ ಅದ್ದಿದ ಕೂಡಲೇ ಕಣ್ಣೆದುರೇ ಕಪ್ಪಾಗುತ್ತದೆ. ಮಂಡ್ಯದಲ್ಲಿ ಬೆಲ್ಲಕ್ಕೇನು ಬರ ಇಲ್ಲ.

ಒಂದು ಎಚ್ಚರಿಕೆ. ಕೆಲವರು ಬಣ್ಣ ಗಟ್ಟಿ ಮಾಡಲು ಕ್ರೋಮ್, ಮೈಲುತುತ್ತ ಹಾಕಿ ಅದನ್ನೂ ಗಿಡದ ಬಣ್ಣ ಅನ್ನುತ್ತಾರೆ. ಚಿಕ್ಕ ಮಕ್ಕಳು ಬಟ್ಟೆ ಬಾಯಿಗೆ ಹಾಕಿಕೊಳ್ಳುತ್ತಾರೆ, ಕೇಳಿಕೊಂಡು ತಗೊಳ್ಳಿ.

ಹುಣಸೂರು_ಹೈದ:
ಮೈಸೂರಿನವರು ಇಷ್ಟೊಂದು ಜನ ಇದ್ದು ರೇಷ್ಮೆ ಅನ್ನಲಿಲ್ಲವಲ್ಲ ಯಾರೂ. ಮಾನಂದವಾಡಿ ರಸ್ತೆ ಫ್ಯಾಕ್ಟರಿಯಲ್ಲಿ 1912ರಿಂದ ನೇಯುತ್ತಿದ್ದಾರೆ. ಅಜ್ಜಿ ಸೀರೆ ಮೊಮ್ಮಗಳು ಉಡುತ್ತಾಳೆ. ಇದಕ್ಕಿಂತ ಪರಿಸರ ಸ್ನೇಹಿ ಏನಿದೆ?

ಅಳಲೆಕಾಯಿ:
ಹುಳ ಸಾಯಿಸಿ ತೆಗೆದ ನೂಲು ಅಣ್ಣ.

ಕೆರೆಯಂಗಳ:
ಶುರುವಾಯ್ತು. ನಮ್ಮ ಮನೆಯಲ್ಲಿ ಹುಳ ಸಾಕುತ್ತೇವೆ. ಗೂಡನ್ನು ಬಿಸಿ ಮಾಡಿ ಒಳಗಿನ ಹುಳ ಸಾಯಿಸುವುದು ನಿಜ, ಚಿಟ್ಟೆ ತೂತು ಮಾಡಿಕೊಂಡು ಹೊರಗೆ ಬಂದರೆ ಉದ್ದ ಎಳೆ ಸಿಗಲ್ಲ. ಬೇಡ ಅನ್ನುವವರಿಗೆ ಅಹಿಂಸಾ ರೇಷ್ಮೆ ಇದೆ. ಆದರೆ ಇನ್ನೊಂದು ಮಾತೂ ಕೇಳಿ. ಹಿಪ್ಪುನೇರಳೆ ತೋಟಕ್ಕೆ ಮನಸ್ಸಿಗೆ ಬಂದ ಹಾಗೆ ಔಷಧಿ ಹೊಡೆಯೋಕೆ ಆಗಲ್ಲ. ಪಕ್ಕದವನು ಟೊಮೆಟೊಗೆ ಹೊಡೆದ ಗಾಳಿ ನಮ್ಮ ಸೊಪ್ಪಿಗೆ ಬಡಿದರೂ ಸಾಕು. ನಾಲ್ಕನೇ ಜ್ವರ (ಪೊರೆ ಬಿಡುವುದಕ್ಕೆ ನಾವು ಜ್ವರ ಅನ್ನುತ್ತೇವೆ) ಎದ್ದು ಜೋರಾಗಿ ಮೇಯುತ್ತಿರುವ ಹುಳ ತಲೆ ಎತ್ತಿಕೊಂಡು ಹಸಿರು ವಾಂತಿ ಮಾಡಿ ಸಾಲಾಗಿ ಬೀಳುತ್ತವೆ. ಗೂಡು ಕಟ್ಟಲು ಚಂದ್ರಿಕೆ ತಟ್ಟೆಗೆ ಬಿಡುವ ಹೊತ್ತಿಗೆ ಏನೂ ಉಳಿದಿರಲ್ಲ. ಇಷ್ಟು ಹುಷಾರಾಗಿ ಬೆಳೆಯುವ ಬೆಳೆ ಬೇರೆ ಯಾವುದಿದೆ ಹೇಳಿ.

ಅಳಲೆಕಾಯಿ:
ಅದು ಒಪ್ಪಿದೆ. ಸಾಯಿಸುವುದು ಒಪ್ಪಲ್ಲ.

ಮದ್ದೂರು_ಹೊಲಿಗೆಮನೆ:
ಮಕ್ಕಳ ಚಡ್ಡಿಗೆ ರೇಷ್ಮೆ ಹಾಕಲ್ಲ, ಜಗಳ ಬಿಡಿ 🙏 ಬಾಟಲಿ ಪಾಲಿಯೆಸ್ಟರ್ ಬಗ್ಗೆ ಯಾರೂ ಹೇಳಲಿಲ್ಲ?

ನೂಲೆಳೆ:
ಹೊಸ ಪಾಲಿಯೆಸ್ಟರ್‌ಗಿಂತ ವಾಸಿ, ಪೆಟ್ರೋಲಿಯಂ ಕಮ್ಮಿ ಸಾಕು. ಆದರೆ ಬಾಟಲಿಯನ್ನು ಮತ್ತೆ ಬಾಟಲಿ ಮಾಡಬಹುದಿತ್ತು. ಬಟ್ಟೆ ಮಾಡಿದ ಮೇಲೆ ಅದರ ಕಥೆ ಹೆಚ್ಚುಕಮ್ಮಿ ಮುಗಿಯಿತು. ಪ್ರತಿ ಒಗೆತಕ್ಕೂ ಕಣ್ಣಿಗೆ ಕಾಣದ ಪ್ಲಾಸ್ಟಿಕ್ ಎಳೆ ಚರಂಡಿಗೆ ಹೋಗುತ್ತದೆ. ಶಾಲೆ ಬ್ಯಾಗಿಗೆ, ರೈನ್‌ಕೋಟಿಗೆ ಸರಿ. ಮಂಡ್ಯದ ಏಪ್ರಿಲ್ ಸೆಕೆಯಲ್ಲಿ ಮಗುವಿನ ಮೈಗೆ ಯಾಕೆ?

ಪಟ್ಟಣದ_ಗಾರ್ಮೆಂಟ್ಸ್:
ಶ್ರೀರಂಗಪಟ್ಟಣದ ಕಡೆ ಗಾರ್ಮೆಂಟ್ಸ್‌ನಲ್ಲಿ ಲೈನ್‌ನಲ್ಲಿ ಕೂತು ಹೊಲಿದವಳು ನಾನು. ನೀವೆಲ್ಲಾ ಹತ್ತಿ ಯಾವುದು, ಬಣ್ಣ ಯಾವುದು ಅಂತ ಕೇಳುತ್ತೀರಿ. ಹೊಲಿದವರು ಯಾರು ಅಂತ ಇಷ್ಟು ಹೊತ್ತು ಒಬ್ಬರೂ ಕೇಳಲಿಲ್ಲ. ಎಲೆ ಚಿತ್ರದ ಹಸಿರು ಟ್ಯಾಗನ್ನು ಕಾಲರ್ ಒಳಗೆ ಇಟ್ಟು ಹೊಲಿಯುವುದು ನಮ್ಮ ಟೇಬಲ್ ಕೆಲಸ ಆಗಿತ್ತು. ಗಂಟೆಗೆ ಇಷ್ಟು ಪೀಸ್ ಅಂತ ಟಾರ್ಗೆಟ್. ಬಾತ್ರೂಮಿಗೆ ಹೋದರೆ ಟಾರ್ಗೆಟ್ ತಪ್ಪುತ್ತೆ ಅಂತ ನೀರೇ ಕುಡಿಯುತ್ತಿರಲಿಲ್ಲ. 2020ರಲ್ಲಿ ಲಾಕ್‌ಡೌನ್ ಆದ ಮೇಲೆ ಪಟ್ಟಣದಲ್ಲಿ ಒಂದು ಫ್ಯಾಕ್ಟರಿ ಮುಚ್ಚಿ ಸಾವಿರಕ್ಕೂ ಜಾಸ್ತಿ ಹೆಂಗಸರು ಬೀದಿಗೆ ಬಂದು ಕೂತರಲ್ಲ, ಆಗ ಯಾವ ಹಸಿರು ಟ್ಯಾಗೂ ಬರಲಿಲ್ಲ.

ಅಕ್ಕ, ನಿಮ್ಮ ಯೂನಿಟ್‌ನಲ್ಲಿ ಪೀಸ್‌ಗೆ ಎಷ್ಟು ಕೊಡುತ್ತೀರಿ? ಅದನ್ನು ಲೇಬಲ್ ಮೇಲೆ ಹಾಕಿ ನೋಡೋಣ.

ಮದ್ದೂರು_ಹೊಲಿಗೆಮನೆ:
ನಾವು ಬಂದ ದುಡ್ಡಿನಲ್ಲಿ ಖರ್ಚು ಕಳೆದು ಸಮ ಹಂಚಿಕೊಳ್ಳುತ್ತೇವೆ ಕಣಮ್ಮ. ಪೀಸ್ ರೇಟು ಇಲ್ಲ. ಅಂಗಡಿಯವರು ರೇಟು ಇಳಿಸಿ ಅಂದರೆ ಇಳಿಯುವುದು ನಮ್ಮ ಪಾಲೇ. ಲೇಬಲ್ ಮೇಲೆ ಹಾಕೋಕೆ ನನಗೆ ಭಯ ಇಲ್ಲ, ಅಂಗಡಿಯವರಿಗೆ ಇರಬಹುದು.

ಮಂಡಿಮೊಹಲ್ಲಾ_ಟೈಲರ್:
ಎಲ್ಲಾ ಬಟ್ಟೆ ಬಗ್ಗೆನೇ ಮಾತಾಡಿದ್ದೀರಿ. ಹೊಲಿಯುವವನ ಕಣ್ಣಿಂದ ನೋಡಿ. ಆರ್ಗ್ಯಾನಿಕ್ ಕಾಟನ್ ತಂದಿರಿ, ಸರಿ. ದಾರ ಯಾವುದು? ಪಾಲಿಯೆಸ್ಟರ್. ಸೊಂಟದ ಎಲಾಸ್ಟಿಕ್? ಪಾಲಿಯೆಸ್ಟರ್, ರಬ್ಬರ್. ಕಾಲರ್ ಗಟ್ಟಿ ನಿಲ್ಲಲು ಒಳಗೆ ಅಂಟಿಸುವ ಫ್ಯೂಸಿಂಗ್, ಜಿಪ್ಪು, ಗುಂಡಿ, ಕೊನೆಗೆ ಪರಿಸರ ಸ್ನೇಹಿ ಅಂತ ಬರೆದ ಸ್ಯಾಟಿನ್ ಲೇಬಲ್ ಕೂಡ ಪಾಲಿಯೆಸ್ಟರ್! ಮಣ್ಣಲ್ಲಿ ಹೂತರೆ ಫ್ರಾಕು ಕರಗುತ್ತದೆ, ಹೊಲಿಗೆ ಹಾಗೇ ಉಳಿಯುತ್ತದೆ.

ಕಾಟನ್ ದಾರ ಸಿಗುತ್ತದೆ. ಸ್ಪೀಡ್ ಮೆಷಿನ್‌ನಲ್ಲಿ ಕಿತ್ತುಹೋಗುತ್ತದೆ ಅಂತ ಯಾರೂ ಹಾಕಲ್ಲ. ನೀವು ಸಣ್ಣ ಯೂನಿಟ್, ನಿಧಾನಕ್ಕೆ ಓಡಿಸಿದರೆ ನಡೆಯುತ್ತದೆ. ಆದರೆ ತೊಡೆ ಸಂದಿಯ ಹೊಲಿಗೆಗೆ ಪಾಲಿಯೆಸ್ಟರ್ ದಾರವೇ ಇರಲಿ. ಅಲ್ಲಿ ಬಿಚ್ಚಿದರೆ ಚಡ್ಡಿನೇ ಬಿಸಾಡುತ್ತಾರೆ. ಎಲಾಸ್ಟಿಕ್ ಬದಲು ಲಾಡಿ ಹಾಕಿ. ಗುಂಡಿಗೆ ತೆಂಗಿನ ಚಿಪ್ಪಿನದು ಸಿಗುತ್ತದೆ.

ಅದಕ್ಕಿಂತ ಮುಖ್ಯ, ಬಟ್ಟೆ ಜಾಸ್ತಿ ದಿನ ಬರಬೇಕು. ನಮ್ಮ ತಂದೆ ಮಕ್ಕಳ ಲಂಗ ಹೊಲಿದರೆ ಕೆಳಗೆ ಎರಡು ಮೂರು ಟಕ್ ಇಡುತ್ತಿದ್ದರು. ಮಗು ಉದ್ದ ಆದ ಹಾಗೆ ಅಮ್ಮ ಒಂದೊಂದೇ ಬಿಚ್ಚುತ್ತಿದ್ದಳು. ಪಕ್ಕದಲ್ಲಿ ಒಂದು ಇಂಚು ಬಟ್ಟೆ ಒಳಗೆ ಬಿಡುತ್ತಿದ್ದರು. ಈಗ ಓವರ್‌ಲಾಕ್ ಮೆಷಿನ್ ಹೊಲಿಗೆ ಪಕ್ಕದ್ದನ್ನೆಲ್ಲಾ ಕತ್ತರಿಸಿ ಹಾಕುತ್ತದೆ, ದೊಡ್ಡದು ಮಾಡೋಣ ಅಂದರೆ ಒಳಗೆ ಬಟ್ಟೆನೇ ಇಲ್ಲ. ಕುವೆಂಪುನಗರದ ಸಾರ್ ಕೇಳಿದರಲ್ಲ, ಆರು ತಿಂಗಳಿಗೆ ಯಾರು ಅಷ್ಟು ಕೊಡುತ್ತಾರೆ ಅಂತ. ಎರಡು ವರ್ಷ ಬರುವ ಹಾಗೆ ಹೊಲಿಯಿರಿ, ಕೊಡುತ್ತಾರೆ. ಕೆಳಮಡಿಕೆ ಎರಡೂವರೆ ಇಂಚು, ಭುಜಕ್ಕೆ ಒಂದು ಟಕ್.

ಕುವೆಂಪುನಗರ_ಕಾಫಿ:
ಇದು ಒಳ್ಳೆ ಪಾಯಿಂಟ್ ಅಣ್ಣ. ಟಕ್ ಬಿಚ್ಚಿದ ಮೇಲೆ ಗೆರೆ ಕಾಣಲ್ವಾ? ಕೆಳಗಿನ ಬಟ್ಟೆ ಬಣ್ಣ ಬೇರೆ ಇರುತ್ತೆ.

ಮಂಡಿಮೊಹಲ್ಲಾ_ಟೈಲರ್:
ಕಾಣುತ್ತದೆ. ಅದರ ಮೇಲೆ ಒಂದು ಲೇಸು ಹಾಕಿದರೆ ಡಿಸೈನ್.

ಕೋರ್ಟುಕಚೇರಿ:
ಲೇಬಲ್ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಇದಕ್ಕೇ ಮಾರ್ಗಸೂಚಿ ತಂದಿದೆ. ಗ್ರೀನ್, ಎಕೋ ಫ್ರೆಂಡ್ಲಿ, ನ್ಯಾಚುರಲ್ ಅಂತ ಸುಮ್ನೆ ಬರೆಯುವ ಹಾಗಿಲ್ಲ. ಬರೆದರೆ ಯಾವ ಲೆಕ್ಕದಲ್ಲಿ ಅಂತ ಬಿಡಿಸಿ ಹೇಳಬೇಕು, ಪುರಾವೆ ಇರಬೇಕು. ಬಟ್ಟೆಯ ಒಂದು ಭಾಗಕ್ಕೆ ಮಾತ್ರ ಸಲ್ಲುವುದನ್ನು ಪೂರ್ತಿ ಉಡುಪಿಗೆ ಸಲ್ಲುವ ಹಾಗೆ ಹೇಳಬಾರದು.

ಇನ್ನೊಂದು. ಬಟ್ಟೆಗೆ ಜಿಒಟಿಎಸ್ ಸರ್ಟಿಫಿಕೇಟ್ ಇದೆ ಅಂತ ನೀವು ಆ ಲೋಗೋ ಹಾಕುವ ಹಾಗಿಲ್ಲ ಮೇಡಂ. ಹತ್ತಿಯಿಂದ ಹೊಲಿಗೆಯವರೆಗೆ ಎಲ್ಲಾ ಘಟಕಕ್ಕೂ ಸರ್ಟಿಫಿಕೇಟ್ ಇರಬೇಕು, ನಿಮ್ಮ ಯೂನಿಟ್‌ಗೂ. ಅದರ ಖರ್ಚು ನಿಮ್ಮಂಥವರಿಗೆ ಕಷ್ಟ. ಅದಕ್ಕಿಂತ ಇರುವುದನ್ನು ಇದ್ದ ಹಾಗೆ ಬರೆಯಿರಿ: "ಬಟ್ಟೆ: 100% ಕಾಟನ್, ಕೈಮಗ್ಗ, ನೇಯ್ದಿದ್ದು ಇಂಥ ಊರಲ್ಲಿ. ದಾರ: ಪಾಲಿಯೆಸ್ಟರ್. ಹೊಲಿದಿದ್ದು ಮದ್ದೂರಿನಲ್ಲಿ. ಉದ್ದ ಬಿಚ್ಚಲು ಒಳಗೆ ಮಡಿಕೆ ಇದೆ." ಪರಿಸರ ಅನ್ನುವ ಪದವೇ ಬೇಡ.

ಸರಸ್ವತಿಪುರಂ_ಓದುಗ:
ದಾರ ಪಾಲಿಯೆಸ್ಟರ್ ಅಂತ ಲೇಬಲ್ ಮೇಲೆ ಹಾಕುವ ಅಂಗಡಿ ಮೈಸೂರಲ್ಲಿ ಇದೆಯಾ ಸಾರ್?

ಕೋರ್ಟುಕಚೇರಿ:
ಇಲ್ಲ. ಅದಕ್ಕೇ ಜನ ನಿಂತು ಓದುತ್ತಾರೆ.

ಮದ್ದೂರು_ಹೊಲಿಗೆಮನೆ:
ಎಲ್ಲರಿಗೂ ಥ್ಯಾಂಕ್ಸ್. ಏಜೆಂಟ್‌ಗೆ ಫೋನ್ ಮಾಡಿ ಲಾಟಿನ ಸರ್ಟಿಫಿಕೇಟ್ ಕೇಳಿದೆ. "ಅದೆಲ್ಲಾ ಎಕ್ಸ್‌ಪೋರ್ಟ್ ಪಾರ್ಟಿಗೆ ಮೇಡಂ, ನಿಮಗ್ಯಾಕೆ?" ಅಂದ. ಬಿದಿರು ವಿಸ್ಕೋಸಾ ಅಂತ ಕೇಳಿದ್ದಕ್ಕೆ "ಬಿದಿರು ಬಿದಿರೇ" ಅಂದ. ಎರಡೂ ಸ್ಯಾಂಪಲ್ ವಾಪಸ್ ಕೊಡುತ್ತೇನೆ.

ಮೇಲುಕೋಟೆಗೆ ಹೋಗಿ ಬಟ್ಟೆ ನೋಡಿಕೊಂಡು ಬರುತ್ತೇವೆ. ಮೊದಲು ಜುಬ್ಬ ಮಾತ್ರ, ಲಾಡಿ ಚಡ್ಡಿ ಆಮೇಲೆ. ಕೋರ್ಟುಕಚೇರಿ ಸರ್ ಬರೆದ ಲೇಬಲ್ ಅಂಗಡಿಯವರಿಗೆ ಕಳಿಸಿದೆ. ಉದ್ದ ಬಿಚ್ಚುವ ಮಡಿಕೆ ಅವರಿಗೆ ಇಷ್ಟ ಆಯಿತು, ಪಾಲಿಯೆಸ್ಟರ್ ದಾರ ಅನ್ನುವ ಸಾಲು ತೆಗೆಯಿರಿ ಅಂದರು. ತೆಗೆಯಲ್ಲ ಅಂದಿದ್ದೇನೆ. ನೋಡೋಣ.

ಪಟ್ಟಣದ_ಗಾರ್ಮೆಂಟ್ಸ್:
ತೆಗೀಬೇಡಿ ಅಕ್ಕ. ಕೆಲಸಕ್ಕೆ ಇನ್ನೊಬ್ಬರು ಬೇಕಿದ್ದರೆ ಹೇಳಿ, ಓವರ್‌ಲಾಕ್, ಕಾಜಾ ಎರಡೂ ಬರುತ್ತೆ.

ಮದ್ದೂರು_ಹೊಲಿಗೆಮನೆ:
ಮೆಸೇಜ್ ಮಾಡಿ.

ಅಳಲೆಕಾಯಿ:
ಕಟಿಂಗ್ ಆದ ಮೇಲೆ ಚಿಂದಿ ಏನು ಮಾಡುತ್ತೀರಿ? ನಮ್ಮತ್ತೆ ಕೌದಿ ಹೊಲಿಯುತ್ತಾರೆ. ಕಾಟನ್ ಮಾತ್ರ ಬೇಕು, ಪಾಲಿಯೆಸ್ಟರ್ ಸೇರಿಸಬೇಡಿ, ಸೂಜಿ ಹಿಡಿಯಲ್ಲ ಅಂತ ಬೈಯುತ್ತಾರೆ.

ಹುಣಸೂರು_ಹೈದ:
ಸೇರಿದ್ದರೆ ಬೆಂಕಿ ಹಚ್ಚಿ ನೋಡಬಹುದು ಅಕ್ಕ. ಅದಕ್ಕಾದರೂ ನನ್ನ ಟೆಸ್ಟು ಬರುತ್ತೆ.